ಕಾಗದದ ಪಿಯಾನೋ

ಸಂಗೀತವನ್ನು ಕಲಿಯಬೇಕೆನ್ನುವವನಿಗೆ ಗುರುವಿನ ಆಶ್ರಯ ಬೇಕು, ಅಭ್ಯಾಸಕ್ಕೆ ವಾದ್ಯ ಬೇಕು, ಇವೆರಡನ್ನೂ ಒದಗಿಸುವಷ್ಟು ಮನೆಯ ಅನುಕೂಲ ಬೇಕು ಎಂಬುದು ಲೋಕರೂಢಿಯ ಮಾತು. ಇವುಗಳಲ್ಲಿ ಒಂದೂ ಇಲ್ಲದ ಹುಡುಗನೊಬ್ಬನು ಯುದ್ಧದಲ್ಲಿ ಸುಟ್ಟು ಬೂದಿಯಾಗಿದ್ದ ಟೋಕಿಯೋ ನಗರದಲ್ಲಿ ಅಲೆಯುತ್ತಿದ್ದನು. ಅವನ ಬಳಿಯಲ್ಲಿ ಮಡಿಸಿಟ್ಟ ಒಂದು ದಪ್ಪ ಕಾಗದವಿತ್ತು. ಹಾರ್ಮೋನಿಯಮ್ಮಿನಲ್ಲಿರುವಂತೆ ಬಿಳಿಯ ಮತ್ತು ಕರಿಯ ಮನೆಗಳ ಸಾಲನ್ನು ಅದರ ಮೇಲೆ ಬರೆಯಲಾಗಿತ್ತು. ಬಿಡುವಾದಾಗಲೆಲ್ಲ ಅವನು ಆ ಕಾಗದವನ್ನು ಬಿಡಿಸಿ, ಅದರ ಮೇಲೆ ಬೆರಳಾಡಿಸುತ್ತಿದ್ದನು. ಕಾಗದದಿಂದ ಯಾವ ಸ್ವರವೂ ಹೊರಡುತ್ತಿರಲಿಲ್ಲ. ಆದರೆ ಹುಡುಗನಿಗೆ ಮಾತ್ರ ಅದು ಕೇಳಿಸುತ್ತಿತ್ತು. ಈ ಹುಡುಗನೇ ಮುಂದೆ ಇಪ್ಪತ್ತನೆಯ ಶತಮಾನದ ಶ್ರೇಷ್ಠ ಸಂಗೀತ ರಚನಕಾರರಲ್ಲಿ ಒಬ್ಬರೆಂದು ಪೂರ್ವ ಪಶ್ಚಿಮಗಳೆರಡರಲ್ಲಿಯೂ ಮನ್ನಣೆ ಪಡೆದ ಜಪಾನಿನ ತೋರು ತಾಕೆಮಿತ್ಸು.

ತಾಕೆಮಿತ್ಸು 1930ನೆಯ ಇಸವಿ ಅಕ್ಟೋಬರ್ 8ರಂದು ಟೋಕಿಯೋದಲ್ಲಿ ಜನಿಸಿದನು. ತಂದೆ ಉದ್ಯೋಗದ ನಿಮಿತ್ತ ಮಂಚೂರಿಯ ಪ್ರಾಂತದ ಡೈರೆನ್ ಎಂಬ ಬಂದರು ಪಟ್ಟಣದಲ್ಲಿದ್ದರು. ಮಗುವಿಗೆ ಒಂದು ತಿಂಗಳು ತುಂಬುತ್ತಲೇ ತಾಯಿ ಅದನ್ನೆತ್ತಿಕೊಂಡು ಅಲ್ಲಿಗೆ ತೆರಳಿದರು. ತಂದೆಗೆ ಅಮೆರಿಕದ ಜಾಜ್ ಸಂಗೀತದ ಹುಚ್ಚು ಬಹಳ. ಮನೆಯಲ್ಲಿ ಜಾಜ್ ಸಂಗೀತದ ಧ್ವನಿಮುದ್ರಿಕೆಗಳು ಸದಾ ತಿರುಗುತ್ತಿದ್ದವು. ಶಾಕುಹಾಚಿ ಎಂಬ ಜಪಾನಿ ಬಿದಿರಿನ ಕೊಳಲನ್ನೂ ಅವರು ಬಲ್ಲವರಾಗಿದ್ದರು. ಆದರೆ ಈ ಸುಖ ಬಹುಕಾಲ ಉಳಿಯಲಿಲ್ಲ. ಏಳನೆಯ ವಯಸ್ಸಿನಲ್ಲಿ ಬಾಲಕನನ್ನು ಶಾಲೆಗಾಗಿ ಟೋಕಿಯೋಗೆ ಕಳುಹಿಸಿದರು. ಮರುವರ್ಷವೇ ತಂದೆ ತೀರಿಕೊಂಡರು.

ಬಾಲಕನು ಬೆಳೆದದ್ದು ಬಂಧುಗಳ ಮನೆಯಲ್ಲಿ. ಆ ಮನೆಯ ಅತ್ತೆ ಕೋಟೋ ಎಂಬ ಹದಿಮೂರು ತಂತಿಗಳ ಜಪಾನಿ ವಾದ್ಯವನ್ನು ಕಲಿಸುತ್ತಿದ್ದರು. ಹಗಲೆಲ್ಲ ಅದರ ನಾದ ಮನೆಯನ್ನು ತುಂಬಿರುತ್ತಿತ್ತು. ಆದರೆ ಆ ನಾದ ಬಾಲಕನ ಮನಸ್ಸನ್ನು ಹಿಡಿಯಲಿಲ್ಲ. ಅದರ ಬೆನ್ನಿಗೇ ಯುದ್ಧ ಬಂದಿತು. ಹಸಿವು, ಭಯ, ವಿಮಾನಗಳ ಆರ್ಭಟ, ಸುಡುವ ಬೀದಿಗಳು, ಇವೆಲ್ಲದರ ನೆನಪಿನೊಡನೆ ಸ್ವದೇಶದ ಸಂಗೀತದ ನೆನಪೂ ಅವನಲ್ಲಿ ಬೆರೆತುಹೋಯಿತು. ಜಪಾನಿನ ವಾದ್ಯಗಳ ಧ್ವನಿ ಕಿವಿಗೆ ಬಿದ್ದರೆ ಅವನಿಗೆ ಯುದ್ಧದ ದಿನಗಳೇ ಕಣ್ಣ ಮುಂದೆ ನಿಲ್ಲುತ್ತಿದ್ದವು. ಈ ಕಹಿ ಅವನನ್ನು ಬಹುಕಾಲ ಬಿಡಲಿಲ್ಲ.

1944ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಅವನನ್ನು ಓದು ಬಿಡಿಸಿ ಸೈನ್ಯದ ದುಡಿಮೆಗೆ ಹಚ್ಚಿದರು. ಟೋಕಿಯೋಗೆ ಪಶ್ಚಿಮದಲ್ಲಿರುವ ಬೆಟ್ಟಗಳ ನಡುವೆ ಸೈನ್ಯದ ನೆಲೆಯೊಂದನ್ನು ಕಟ್ಟುವ ಕೆಲಸ ಅದು. ಬಾಲಕರೆಂಬ ದಾಕ್ಷಿಣ್ಯ ಅಲ್ಲಿ ಇರಲಿಲ್ಲ. ಶತ್ರುದೇಶಗಳ ಸಂಗೀತವನ್ನು ಕೇಳುವುದಂತೂ ಅಪರಾಧವಾಗಿತ್ತು. ಹೀಗಿರುವಾಗ ಒಂದು ದಿನ ತರುಣ ಅಧಿಕಾರಿಯೊಬ್ಬನು ಕೆಲವು ಹುಡುಗರನ್ನು ಬಿಡಾರದ ಹಿಂಬದಿಗೆ ಕರೆದೊಯ್ದನು. ಅಲ್ಲಿ ಕೀಲಿ ಕೊಟ್ಟು ತಿರುಗಿಸುವ ಒಂದು ಹಳೆಯ ಗ್ರಾಮಫೋನ್ ಇತ್ತು. ಉಕ್ಕಿನ ಮುಳ್ಳು ದೊರಕದುದರಿಂದ ಬಿದಿರನ್ನೇ ಚೂಪಾಗಿ ಕೆತ್ತಿ ಅಳವಡಿಸಿದ್ದರು. ಅಧಿಕಾರಿ ಅದರ ಮೇಲೆ ಫ್ರೆಂಚ್ ಗಾಯಕಿಯೊಬ್ಬಳ ಹಾಡಿನ ತಟ್ಟೆಯನ್ನಿಟ್ಟನು. ಹಾಡಿನ ಒಂದು ಮಾತೂ ಆ ಹುಡುಗರಿಗೆ ತಿಳಿಯದು. ಆದರೂ ತಾಕೆಮಿತ್ಸು ಬೆರಗಾಗಿ ನಿಂತನು. ಮನುಷ್ಯನ ಕಂಠದಿಂದ ಇಷ್ಟೊಂದು ಮಾಧುರ್ಯ ಹೊರಡಬಹುದೆಂಬುದನ್ನು ಅವನು ಮರೆತೇಹೋಗಿದ್ದನು. ಯುದ್ಧ ಮುಗಿದರೆ ಬಾಳನ್ನು ಸಂಗೀತಕ್ಕೇ ಮುಡಿಪಾಗಿಡಬೇಕೆಂಬ ಬಯಕೆ ಆ ಗಳಿಗೆಯಲ್ಲಿ ಮೊಳೆಯಿತು.

1945ರಲ್ಲಿ ಯುದ್ಧ ಮುಗಿಯಿತು. ಸೋತ ಜಪಾನನ್ನು ಅಮೆರಿಕದ ಸೈನ್ಯ ಆಕ್ರಮಿಸಿಕೊಂಡಿತು. ಹೊಟ್ಟೆಪಾಡಿಗಾಗಿ ತಾಕೆಮಿತ್ಸು ಅಮೆರಿಕನ್ ಸೈನ್ಯದ ನೆಲೆಯೊಂದರಲ್ಲಿ ಕೆಲಸಕ್ಕೆ ಸೇರಿದನು. ದುಡಿಮೆ, ಅರೆಹೊಟ್ಟೆ, ಚಳಿ, ಇವುಗಳಿಂದ ದೇಹ ಕುಸಿದು ಬಹುದಿನ ಹಾಸಿಗೆ ಹಿಡಿದನು. ಆಗ ಅವನಿಗೆ ಸಂಗಾತಿಯಾದುದು ಒಂದು ರೇಡಿಯೋ. ಅಮೆರಿಕದ ಸೈನಿಕರಿಗಾಗಿ ಪ್ರಸಾರವಾಗುತ್ತಿದ್ದ ಪಾಶ್ಚಾತ್ಯ ಸಂಗೀತವನ್ನು ಅವನು ಮಲಗಿದಲ್ಲಿಂದಲೇ ಹಗಲಿರುಳು ಆಲಿಸಿದನು. ಫ್ರಾನ್ಸಿನ ಡೆಬ್ಯುಸಿಯ ಕೃತಿಗಳೂ ಜಾಜ್ ಸಂಗೀತವೂ ಅವನ ಮನಸ್ಸನ್ನು ತುಂಬಿದವು. ಹೀಗೆ ಅವನ ಮೊದಲನೆಯ ಸಂಗೀತ ಪಾಠ ನಡೆದದ್ದು ರೋಗಶಯ್ಯೆಯಲ್ಲಿ. ಪಾಠ ಹೇಳಿದವರು ಕಣ್ಣಿಗೆ ಕಾಣದ ಗುರುಗಳು. ಹದಿನಾರನೆಯ ವಯಸ್ಸಿನಲ್ಲಿ ತಾನು ಸಂಗೀತ ರಚನಕಾರನೇ ಆಗಬೇಕೆಂದು ಅವನು ನಿಶ್ಚಯಿಸಿಕೊಂಡನು.

ನಿಶ್ಚಯವೇನೋ ದೃಢವಾಗಿತ್ತು, ಪಿಯಾನೋ ಎಲ್ಲಿಂದ ಬರಬೇಕು? ಕಾಗದದ ಪಿಯಾನೋ ಹುಟ್ಟಿದುದು ಆಗ. ಅದರ ಮೇಲೆ ಬೆರಳುಗಳಿಗೆ ಅಭ್ಯಾಸ ಮಾಡಿಸಬಹುದಿತ್ತು, ಸ್ವರಗಳನ್ನು ಊಹಿಸಿಕೊಳ್ಳಬಹುದಿತ್ತು. ಆದರೆ ಊಹೆ ಸರಿಯೇ ಎಂದು ತಿಳಿಯಲು ನಿಜವಾದ ವಾದ್ಯವೇ ಬೇಕಲ್ಲವೆ? ಅದಕ್ಕಾಗಿ ಆ ತರುಣನು ಟೋಕಿಯೋದ ಬೀದಿಗಳಲ್ಲಿ ಕಿವಿಗೊಟ್ಟು ನಡೆಯುತ್ತಿದ್ದನು. ಯಾವ ಮನೆಯಿಂದ ಪಿಯಾನೋವಿನ ಧ್ವನಿ ಕೇಳಿಬರುವುದೋ ಆ ಮನೆಯ ಬಾಗಿಲನ್ನು ತಟ್ಟಿ, ಸ್ವಲ್ಪ ಹೊತ್ತು ತನಗೂ ನುಡಿಸಲು ಅವಕಾಶ ಕೊಡಬೇಕೆಂದು ಬೇಡುತ್ತಿದ್ದನು. ಅಪರಿಚಿತನೂ ಕೃಶನೂ ಆದ ಆ ಹುಡುಗನನ್ನು ಯಾರೂ ಬರಿಗೈಯಲ್ಲಿ ಕಳುಹಿಸಲಿಲ್ಲವೆಂದು ಅವರು ಮುಂದೆ ಕೃತಜ್ಞತೆಯಿಂದ ನೆನೆಯುತ್ತಿದ್ದರು. ತಮಗೇ ಅನ್ನವಿಲ್ಲದಿದ್ದ ಕಾಲದಲ್ಲಿ ಜನರು ಅವನಿಗೆ ಸ್ವರವನ್ನು ದಾನ ಮಾಡಿದರು.

1948ರಲ್ಲಿ ಅವನು ಯಾಸುಜಿ ಕಿಯೋಸೆ ಎಂಬ ಹಿರಿಯ ರಚನಕಾರರನ್ನು ಕಂಡು ತನ್ನ ರಚನೆಗಳನ್ನು ತೋರಿಸಿದನು. ಕೆಲವು ಕಾಲ ಅವರ ಮಾರ್ಗದರ್ಶನವೂ ದೊರೆಯಿತು. ಆದರೆ ಕ್ರಮವಾದ ಪಾಠವೆಂಬುದು ಅಲ್ಲಿ ನಡೆದುದು ಅತ್ಯಲ್ಪ. ಸಂಗೀತ ಶಾಲೆಯ ಪದವಿ ಅವನಿಗೆ ಎಂದೂ ದೊರೆಯಲಿಲ್ಲ. ಮಹಾಕೃತಿಗಳ ಸ್ವರಲಿಪಿಯನ್ನು ಓದುವುದು, ಕೇಳುವುದು, ಮತ್ತೆ ಮತ್ತೆ ಕೇಳುವುದು, ಇದೇ ಅವನ ವಿದ್ಯಾಭ್ಯಾಸ. ದ್ರೋಣರ ಮಣ್ಣಿನ ಮೂರ್ತಿಯ ಮುಂದೆ ಬಿಲ್ಲುವಿದ್ಯೆ ಕಲಿತ ಏಕಲವ್ಯನಿಗಾದರೂ ಕೈಯಲ್ಲಿ ಒಂದು ಬಿಲ್ಲಿತ್ತು. ಈ ಏಕಲವ್ಯನಿಗೆ ಅದೂ ಇರಲಿಲ್ಲ.

ಅದೇ ವರ್ಷ ಜನರಿಂದ ಕಿಕ್ಕಿರಿದ ಸುರಂಗ ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ ಅವನ ಮನಸ್ಸಿನಲ್ಲಿ ಒಂದು ವಿಚಾರ ಮಿಂಚಿತು. ಚಕ್ರಗಳ ಉರುಳು, ಬಾಗಿಲುಗಳ ಸದ್ದು, ಜನರ ಗುಜುಗುಜು, ಇವೆಲ್ಲ ನಮ್ಮ ಬಾಳನ್ನು ಸುತ್ತುವರಿದಿರುವ ಶಬ್ದಗಳು. ಇವುಗಳನ್ನು ಗದ್ದಲವೆಂದು ಹೊರಗಿಟ್ಟು, ಪಿಯಾನೋವಿನ ಅಳತೆಗೆ ಸಿಕ್ಕ ಸ್ವರಗಳನ್ನು ಮಾತ್ರ ಸಂಗೀತವೆನ್ನುವುದೇಕೆ? ಈ ಶಬ್ದಗಳನ್ನೂ ಆರಿಸಿ ಜೋಡಿಸಿ ಸಂಗೀತದೊಳಕ್ಕೆ ತರಲಾಗದೆ? ಅದೇ ವರ್ಷದಲ್ಲಿ ಪ್ಯಾರಿಸಿನಲ್ಲಿ ಪಿಯೆರ್ ಶೆಫರ್ ಎಂಬ ರೇಡಿಯೋ ಎಂಜಿನಿಯರು ರೈಲುಗಾಡಿಗಳ ಸದ್ದನ್ನು ಮುದ್ರಿಸಿಕೊಂಡು, ಅದರಿಂದಲೇ ಒಂದು ಕೃತಿಯನ್ನು ರಚಿಸಿ ಪ್ರಸಾರ ಮಾಡಿದ್ದರು. ಭೂಮಿಯ ಎರಡು ತುದಿಗಳಲ್ಲಿ, ಒಬ್ಬರನ್ನೊಬ್ಬರು ಅರಿಯದ ಇಬ್ಬರು ಒಂದೇ ವಿಚಾರಕ್ಕೆ ಬಂದಿದ್ದರು. ಒಬ್ಬರ ಬಳಿ ರೇಡಿಯೋ ಕೇಂದ್ರದ ಯಂತ್ರಗಳಿದ್ದವು. ಇನ್ನೊಬ್ಬನ ಬಳಿಯಲ್ಲಿದ್ದುದು ವಿಚಾರವೊಂದೇ.

1950ರ ಡಿಸೆಂಬರಿನಲ್ಲಿ ತಾಕೆಮಿತ್ಸು ಅವರ ಪಿಯಾನೋ ಕೃತಿಯೊಂದು ಮೊದಲ ಬಾರಿಗೆ ಟೋಕಿಯೋದ ಸಭೆಯೊಂದರಲ್ಲಿ ನುಡಿಸಲ್ಪಟ್ಟಿತು. ಆಗ ಅವರಿಗೆ ಇಪ್ಪತ್ತು ವರ್ಷ. ಪತ್ರಿಕೆಯ ವಿಮರ್ಶೆಯನ್ನು ನೋಡುವ ತವಕದಿಂದ ಕಾದಿದ್ದರು. ಹೆಸರಾಂತ ವಿಮರ್ಶಕರೊಬ್ಬರು ಆ ಕೃತಿಯನ್ನು ಸಂಗೀತವೆಂದೇ ಒಪ್ಪಿರಲಿಲ್ಲ. ಅದು ಸಂಗೀತದ ಹೊಸ್ತಿಲನ್ನೂ ತಲುಪಿಲ್ಲವೆಂಬ ಅಭಿಪ್ರಾಯವನ್ನು ಅತ್ಯಂತ ಕಡಿಮೆ ಮಾತುಗಳಲ್ಲಿ ಬರೆದು ಮುಗಿಸಿದ್ದರು. ಶಾಲೆಯಲ್ಲಿ ಕಲಿಯದವನಿಗೆ ತನ್ನ ಕಲಿಕೆಯ ಬಗೆಗೆ ಒಳಗೊಳಗೇ ಒಂದು ಅಳುಕು ಇದ್ದೇ ಇರುತ್ತದೆ. ಆ ಅಳುಕಿನ ಮೇಲೆಯೇ ಪೆಟ್ಟು ಬಿದ್ದಿತು. ತರುಣ ತಾಕೆಮಿತ್ಸು ಒಂದು ಚಿತ್ರಮಂದಿರವನ್ನು ಹೊಕ್ಕು, ಯಾರಿಗೂ ಕಾಣದಂತೆ ಕತ್ತಲಲ್ಲಿ ಕುಳಿತು ಅತ್ತರು.

ಆದರೆ ಆ ಸಭೆಯಲ್ಲಿ ಆ ಕೃತಿಯನ್ನು ಮೆಚ್ಚಿದವರೂ ಇದ್ದರು. ಜೋಜಿ ಯುವಾಸಾ ಎಂಬ ತರುಣ ರಚನಕಾರರೂ ಕುನಿಹಾರು ಅಕಿಯಾಮಾ ಎಂಬ ತರುಣ ಕವಿಯೂ ಅವರ ಗೆಳೆಯರಾದರು. 1951ರಲ್ಲಿ ಈ ಗೆಳೆಯರು ಚಿತ್ರಕಾರರು, ವಾದಕರು, ಬೆಳಕಿನ ವಿನ್ಯಾಸಕಾರರು ಮೊದಲಾದವರೊಡನೆ ಸೇರಿ ಒಂದು ಬಳಗವನ್ನು ಕಟ್ಟಿದರು. ಶೂಜೋ ತಾಕಿಗುಚಿ ಎಂಬ ಹಿರಿಯ ಕವಿ ಅದಕ್ಕೆ ಪ್ರಯೋಗ ಕಾರ್ಯಾಗಾರ ಎಂಬ ಅರ್ಥದ ಹೆಸರನ್ನಿಟ್ಟರು. ಸಂಗೀತ, ಚಿತ್ರ, ನೃತ್ಯ, ಯಂತ್ರ, ಇವುಗಳ ನಡುವಣ ಗೋಡೆಗಳನ್ನು ಕೆಡವುವುದು ಬಳಗದ ಉದ್ದೇಶವಾಗಿತ್ತು.

ಟೋಕಿಯೋದ ಒಂದು ಚಿಕ್ಕ ಉದ್ಯಮ ಸಂಸ್ಥೆ 1950ರಲ್ಲಿ ಜಪಾನಿನ ಮೊದಲನೆಯ ಟೇಪ್ ರೆಕಾರ್ಡರನ್ನು ತಯಾರಿಸಿ ಮಾರಾಟಕ್ಕೆ ಬಿಟ್ಟಿತ್ತು. ಅದೇ ಸಂಸ್ಥೆ ಮುಂದೆ ಸೋನಿ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. 1953ರಲ್ಲಿ ಪ್ರಯೋಗ ಕಾರ್ಯಾಗಾರದವರು ಆ ಸಂಸ್ಥೆಯ ಯಂತ್ರವನ್ನು ಬಳಸಿ, ಪರದೆಯ ಮೇಲಿನ ಚಿತ್ರಗಳನ್ನೂ ಟೇಪಿನ ಧ್ವನಿಯನ್ನೂ ಜೊತೆಗೂಡಿಸಿ ಪ್ರದರ್ಶನ ನೀಡಿದರು. ಸುರಂಗ ರೈಲಿನಲ್ಲಿ ಹುಟ್ಟಿದ ವಿಚಾರಕ್ಕೆ ಕೊನೆಗೂ ಒಂದು ಸಾಧನ ದೊರಕಿತು.

ಈ ಯಂತ್ರದಿಂದ ಸಂಗೀತ ರಚಿಸುವ ಬಗೆಯನ್ನು ಇಲ್ಲಿ ತಿಳಿದುಕೊಳ್ಳುವುದು ಒಳ್ಳೆಯದು. ಧ್ವನಿಯನ್ನು ಒಮ್ಮೆ ಟೇಪಿನ ಮೇಲೆ ಮುದ್ರಿಸಿದರೆ ಅದು ಕೈಗೆ ಸಿಕ್ಕುವ ವಸ್ತುವಾಗುತ್ತದೆ. ಟೇಪನ್ನು ಬ್ಲೇಡಿನಿಂದ ತುಂಡರಿಸಬಹುದು, ತುಂಡುಗಳನ್ನು ಬೇಕಾದ ಕ್ರಮದಲ್ಲಿ ಅಂಟಿಸಬಹುದು, ಹಿಂದುಮುಂದಾಗಿ ಓಡಿಸಬಹುದು. ಮುದ್ರಿಸಿದ ವೇಗದ ಅರ್ಧ ವೇಗದಲ್ಲಿ ಓಡಿಸಿದರೆ ಸ್ವರವು ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಅದರ ಕಾಲಾವಧಿ ಇಮ್ಮಡಿಯಾಗುತ್ತದೆ. ಎರಡರಷ್ಟು ವೇಗದಲ್ಲಿ ಓಡಿಸಿದರೆ ಸ್ವರ ಒಂದು ಸ್ಥಾಯಿ ಮೇಲೇರಿ, ಕಾಲಾವಧಿ ಅರ್ಧವಾಗುತ್ತದೆ. ಹೀಗೆ ಸೆಕೆಂಡಿನ ಭಾಗಗಳನ್ನು ಅಳೆದು ಜೋಡಿಸುತ್ತ ಹೋದರೆ ಕೆಲವು ನಿಮಿಷಗಳ ಕೃತಿಗೆ ಹಲವು ದಿನಗಳು ಹಿಡಿಯುತ್ತವೆ. ಈ ಕೆಲಸಕ್ಕೆ ವಾದಕನ ಬೆರಳಿನ ಚಾತುರ್ಯಕ್ಕಿಂತ ಹೆಚ್ಚಾಗಿ ಬೇಕಾದುದು ಚುರುಕಾದ ಕಿವಿ ಮತ್ತು ತಾಳ್ಮೆ. ತಾಕೆಮಿತ್ಸು ಅವರ ಬಳಿಯಲ್ಲಿ ಈ ಎರಡೂ ಇದ್ದವು.

1955ರಲ್ಲಿ ಅವರು ಟೇಪಿನ ಮೇಲೆ ತಮ್ಮ ಮೊದಲನೆಯ ಮುಖ್ಯ ಕೃತಿಯನ್ನು ರಚಿಸಿದರು. ಮರುವರ್ಷದ ಕೃತಿ ಇನ್ನೂ ವಿಚಿತ್ರವಾದುದು. ಜಪಾನಿ ಭಾಷೆಯಲ್ಲಿ ಪ್ರೀತಿಗೆ ಆಯ್ ಎನ್ನುತ್ತಾರೆ. ಅ, ಇ ಎಂಬ ಎರಡು ಸ್ವರಾಕ್ಷರಗಳಷ್ಟೇ ಸೇರಿದ ಪದವದು. ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀ ಈ ಒಂದೇ ಪದವನ್ನು ಪಿಸುಮಾತಿನಿಂದ ಕೂಗಿನವರೆಗೆ ಬಗೆಬಗೆಯಾಗಿ ಉಚ್ಚರಿಸಿದುದನ್ನು ಮುದ್ರಿಸಿಕೊಂಡು, ಕತ್ತರಿಸಿ, ಹೆಣೆದು, ಸುಮಾರು ನಾಲ್ಕು ನಿಮಿಷಗಳ ಕೃತಿಯನ್ನಾಗಿ ಮಾಡಿದರು. ಬೇರೆ ಮಾತಿಲ್ಲ, ವಾದ್ಯವಿಲ್ಲ. ಆದರೂ ಕೇಳುವವರ ಮನಸ್ಸಿನಲ್ಲಿ ಮಾನವ ಹೃದಯದ ನಾನಾ ಭಾವಗಳು ಸುಳಿದು ಹೋಗುತ್ತವೆ.

ಈ ಪ್ರಯೋಗಗಳ ನಡುವೆ ಕ್ಷಯರೋಗ ಅವರನ್ನು ಹಿಡಿದಿತ್ತು. 1953ರಿಂದ ಕೆಲವು ಕಾಲ ಅವರು ಆಸ್ಪತ್ರೆಯಲ್ಲಿರಬೇಕಾಯಿತು. 1954ರಲ್ಲಿ ಅಸಾಕಾ ಎಂಬ ನಟಿಯನ್ನು ವಿವಾಹವಾದರು. ಬಡತನದಲ್ಲಿಯೂ ರೋಗದಲ್ಲಿಯೂ ಆಕೆ ಪತಿಗೆ ಬೆನ್ನೆಲುಬಾಗಿ ನಿಂತರು. ಮನೆಯಲ್ಲಿ ಆಗಲೂ ಪಿಯಾನೋ ಇರಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಅವರ ಬಾಗಿಲಿಗೆ ಒಂದು ಪಿಯಾನೋ ಬಂದಿತು. ಕಳುಹಿಸಿದವರು ತೋಶಿರೋ ಮಾಯುಜುಮಿ. ಇವರು ಸಂಗೀತ ಶಾಲೆಯಲ್ಲಿ ಓದಿ, ಪ್ಯಾರಿಸಿಗೂ ಹೋಗಿ ಬಂದು, ಜಪಾನಿನಲ್ಲಿ ಟೇಪ್ ಸಂಗೀತವನ್ನೂ ವಿದ್ಯುನ್ಮಾನ ಸಂಗೀತವನ್ನೂ ಮೊತ್ತಮೊದಲು ರಚಿಸಿ ಹೆಸರಾಗಿದ್ದ ತರುಣ ರಚನಕಾರರು. ತಾಕೆಮಿತ್ಸು ಅವರ ಪರಿಚಯ ಅವರಿಗೆ ಇರಲಿಲ್ಲ. ಪ್ರತಿಭಾವಂತನೊಬ್ಬನು ಪಿಯಾನೋವಿಲ್ಲದೆ ಕಷ್ಟಪಡುತ್ತಿರುವನೆಂಬ ಸುದ್ದಿಯೊಂದೇ ಅವರಿಗೆ ಸಾಕಾಯಿತು. ಒಂದೇ ಕ್ಷೇತ್ರದಲ್ಲಿ ದುಡಿಯುವವರ ನಡುವೆ ಮತ್ಸರ ಸಹಜವೆನ್ನುವ ಲೋಕದಲ್ಲಿ ಈ ಔದಾರ್ಯ ನೆನೆಯತಕ್ಕದ್ದು. ಕಾಗದದ ಪಿಯಾನೋವಿನ ಕೆಲಸ ಅಲ್ಲಿಗೆ ಮುಗಿಯಿತು.

1955ರಲ್ಲಿ ಫುಮಿಯೋ ಹಾಯಾಸಾಕಾ ಎಂಬ ರಚನಕಾರರು ಕ್ಷಯರೋಗದಿಂದಲೇ ತೀರಿಕೊಂಡರು. ಚಲನಚಿತ್ರ ನಿರ್ದೇಶಕ ಅಕಿರಾ ಕುರೋಸಾವಾ ಅವರ ಪ್ರಸಿದ್ಧ ಚಿತ್ರಗಳಿಗೆ ಸಂಗೀತ ನೀಡಿದ್ದ ಇವರಿಗೆ ತಾಕೆಮಿತ್ಸು ಸಹಾಯಕರಾಗಿ ದುಡಿದಿದ್ದರು. ಅವರ ನೆನಪಿನಲ್ಲಿ ತಾಕೆಮಿತ್ಸು ತಂತಿವಾದ್ಯಗಳ ವೃಂದಕ್ಕಾಗಿ ಒಂದು ಶೋಕಕೃತಿಯನ್ನು ಬರೆಯತೊಡಗಿದರು. ತಮ್ಮ ಸಾವೂ ದೂರವಿಲ್ಲವೆಂಬ ಭಾವನೆ ಅವರಲ್ಲಿತ್ತು. ಮಲಗಿದಲ್ಲಿಯೇ ದಿನಕ್ಕೆ ಕೆಲವೇ ಸ್ವರಗಳಂತೆ ಬರೆದು 1957ರಲ್ಲಿ ಅದನ್ನು ಪೂರ್ಣಗೊಳಿಸಿದರು. ಅದರ ಪ್ರಥಮ ಪ್ರದರ್ಶನವನ್ನು ಹೆಚ್ಚಿನ ಜನರು ಗಮನಿಸಲಿಲ್ಲ.

ಎರಡು ವರ್ಷಗಳ ತರುವಾಯ, 1959ರಲ್ಲಿ, ಆ ಯುಗದ ಮಹಾ ರಚನಕಾರರೆನಿಸಿದ್ದ ಇಗೋರ್ ಸ್ಟ್ರಾವಿನ್ಸ್ಕಿ ಜಪಾನಿಗೆ ಬಂದರು. ಜಪಾನಿನ ಹೊಸ ಸಂಗೀತವನ್ನು ಕೇಳಬೇಕೆಂದು ಅವರು ಇಚ್ಛಿಸಿದಾಗ ರೇಡಿಯೋ ಕೇಂದ್ರದವರು ಹಲವು ಕೃತಿಗಳ ಮುದ್ರಣಗಳನ್ನು ಸಿದ್ಧಪಡಿಸಿದರು. ಆ ಪಟ್ಟಿಯಲ್ಲಿ ತಾಕೆಮಿತ್ಸು ಅವರ ಹೆಸರು ಇರಲಿಲ್ಲ. ಯಾರದೋ ಕೈತಪ್ಪಿನಿಂದ ಅವರ ಶೋಕಕೃತಿಯ ಟೇಪು ಯಂತ್ರಕ್ಕೆ ಏರಿತು. ತಪ್ಪನ್ನರಿತು ಅದನ್ನು ನಿಲ್ಲಿಸಲು ಹೊರಟಾಗ ಸ್ಟ್ರಾವಿನ್ಸ್ಕಿ ತಡೆದು ಕೊನೆಯವರೆಗೂ ಕೇಳಿದರು. ಆ ಕೃತಿಯ ತೀವ್ರತೆಯನ್ನೂ ಪ್ರಾಮಾಣಿಕತೆಯನ್ನೂ ಅವರು ಬಹಿರಂಗವಾಗಿ ಕೊಂಡಾಡಿದರು. ರಚನಕಾರರನ್ನು ಊಟಕ್ಕೆ ಕರೆಸಿಕೊಂಡರು. ಇಷ್ಟು ಪುಟ್ಟ ಆಕಾರದ ವ್ಯಕ್ತಿಯಿಂದ ಇಷ್ಟು ಗಂಭೀರವಾದ ಸಂಗೀತ ಹೊರಟುದನ್ನು ಕಂಡು ಅವರಿಗೆ ವಿಸ್ಮಯವಾಯಿತು. ಒಂಬತ್ತು ವರ್ಷಗಳ ಹಿಂದೆ ಸಂಗೀತದ ಹೊಸ್ತಿಲ ಹೊರಗೆ ನಿಲ್ಲಿಸಲ್ಪಟ್ಟಿದ್ದವರಿಗೆ ವಿಶ್ವದ ವೇದಿಕೆಯ ಬಾಗಿಲು ಹೀಗೆ ತೆರೆಯಿತು.

ಆದರೆ ತಾಕೆಮಿತ್ಸು ಅವರ ಬಾಳಿನ ನಿಜವಾದ ತಿರುವು ಇದಕ್ಕಿಂತ ಸ್ವಲ್ಪ ಮೊದಲೇ, ಸದ್ದಿಲ್ಲದೆ ಆಗಿತ್ತು. ಒಮ್ಮೆ ಅವರು ಬುನ್‌ರಾಕು ಎಂಬ ಜಪಾನಿನ ಗೊಂಬೆಯಾಟವನ್ನು ನೋಡಲು ಹೋಗಿದ್ದರು. ಅಲ್ಲಿ ಕಥೆ ಹೇಳುವವನ ಪಕ್ಕದಲ್ಲಿ ಕುಳಿತವನು ಶಾಮಿಸೆನ್ ಎಂಬ ಮೂರು ತಂತಿಗಳ ವಾದ್ಯವನ್ನು ಮೀಟುತ್ತಿದ್ದನು. ಒಂದೇ ಮೀಟು, ಅದರಲ್ಲಿ ಸ್ವರವೂ ಇತ್ತು, ಗದ್ದಲವೂ ಇತ್ತು. ತಾಕೆಮಿತ್ಸು ಬೆಚ್ಚಿ ಕುಳಿತರು. ಇಂಥ ನಾದವನ್ನೇ ತಾವು ಟೇಪು ಕತ್ತರಿಸಿ ಅಂಟಿಸಿ ಹುಡುಕುತ್ತಿದ್ದುದಲ್ಲವೆ? ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ನೂಲಿನ ಎಳೆಯನ್ನು ಸೇರಿಸಿ ನಮ್ಮವರು ಝೇಂಕಾರವನ್ನು ಬರಿಸುವಂತೆ, ಜಪಾನಿನ ಹಿಂದಿನವರೂ ತಂತಿಯ ನಾದದಲ್ಲಿ ಬೇಕೆಂದೇ ಒಂದು ಬಗೆಯ ಗುಂಯ್ಗುಡುವಿಕೆಯನ್ನು ಸೇರಿಸಿದ್ದರು. ಅದನ್ನು ಸಾವಾರಿ ಎಂದು ಕರೆದು, ಅದಿಲ್ಲದ ನಾದಕ್ಕೆ ಜೀವವಿಲ್ಲವೆಂದು ತಿಳಿದಿದ್ದರು. ಯುದ್ಧದ ಕಹಿಯಿಂದಾಗಿ ತಾವು ಯಾವುದಕ್ಕೆ ಕಿವಿ ಮುಚ್ಚಿಕೊಂಡಿದ್ದರೋ ಅದು ಎಂಥ ನಿಧಿಯೆಂಬುದು ಅವರಿಗೆ ಅಂದು ಅರಿವಾಯಿತು. ಯಂತ್ರದಿಂದ ಪಳಗಿದ ಕಿವಿಯೇ ಅವರನ್ನು ತಾಯ್ನಾಡಿನ ವಾದ್ಯದ ಬಳಿಗೆ ಮರಳಿ ಕರೆತಂದಿತು.

ಅಂದಿನಿಂದ ಅವರು ಜಪಾನಿನ ವಾದ್ಯಗಳನ್ನು ವಿದ್ಯಾರ್ಥಿಯಂತೆ ಶ್ರದ್ಧೆಯಿಂದ ಅಭ್ಯಸಿಸಿದರು. 1960ರಲ್ಲಿ ನೀರಿನ ಹನಿಗಳ ಧ್ವನಿಯೊಂದನ್ನೇ ಮುದ್ರಿಸಿ, ಅದರ ವೇಗವನ್ನೂ ಶ್ರುತಿಯನ್ನೂ ಬದಲಾಯಿಸಿ ಜಲಸಂಗೀತವೆಂಬ ಕೃತಿಯನ್ನು ರಚಿಸಿದರು. ತೊಟ್ಟಿಕ್ಕುವ ಹನಿ ಅಲ್ಲಿ ಜಪಾನಿನ ಪ್ರಾಚೀನ ನೋ ನಾಟಕದ ಮದ್ದಲೆಯ ಪೆಟ್ಟಿನಂತೆ ಕೇಳಿಸುತ್ತದೆ. ಹನಿಗೂ ಹನಿಗೂ ನಡುವಣ ಮೌನ ಹನಿಯಷ್ಟೇ ಮುಖ್ಯವಾಗುತ್ತದೆ.

1964ರ ಕ್ವೈದಾನ್ ಎಂಬ ಚಲನಚಿತ್ರದಲ್ಲಿ ಯಂತ್ರವೂ ಪರಂಪರೆಯೂ ಒಟ್ಟುಗೂಡಿದವು. ಮಸಾಕಿ ಕೊಬಾಯಾಶಿ ನಿರ್ದೇಶಿಸಿದ ಆ ಚಿತ್ರದಲ್ಲಿ ನಾಲ್ಕು ಪಿಶಾಚ ಕಥೆಗಳಿವೆ. ಮೊದಲ ಕಥೆಗಾಗಿ ತಾಕೆಮಿತ್ಸು ಮರವನ್ನು ಸೀಳುವ, ಮುರಿಯುವ ಸದ್ದುಗಳನ್ನು ಮುದ್ರಿಸಿಕೊಂಡರು. ಪಾಳುಮನೆಯ ಹಲಗೆ ಮುರಿದು ಕಾಲು ಕೆಳಗಿಳಿಯುವಾಗ ಪರದೆಯ ಮೇಲೆ ಮೌನ. ನೋಡುವವನು ಎದುರುನೋಡದ ಇನ್ನೊಂದು ಗಳಿಗೆಯಲ್ಲಿ ಮರ ಸೀಳಿದ ಸದ್ದು. ಇದರಿಂದ ಉಂಟಾಗುವ ಭಯವನ್ನು ನೂರು ವಾದ್ಯಗಳ ಮೇಳವೂ ಉಂಟುಮಾಡಲಾರದು. ಹಿಮಕನ್ಯೆಯ ಕಥೆಗೆ ಶಾಕುಹಾಚಿಯ ಧ್ವನಿಯನ್ನು ವಿದ್ಯುತ್ ಯಂತ್ರಗಳಿಂದ ಮಾರ್ಪಡಿಸಿ ಬಳಸಿದರು. ಕುರುಡ ಗಾಯಕನ ಕಥೆಗೆ ಬೀವಾ ಎಂಬ ತಂತಿವಾದ್ಯ ಬಂದಿತು.

1967ರಲ್ಲಿ ನ್ಯೂಯಾರ್ಕಿನ ಪ್ರಸಿದ್ಧ ಫಿಲ್‌ಹಾರ್ಮೋನಿಕ್ ವಾದ್ಯವೃಂದ ತನ್ನ ನೂರ ಇಪ್ಪತ್ತೈದನೆಯ ವರ್ಷದ ಉತ್ಸವಕ್ಕಾಗಿ ಅವರಿಂದ ಒಂದು ಕೃತಿಯನ್ನು ಬೇಡಿತು. ಪಾಶ್ಚಾತ್ಯ ವಾದ್ಯವೃಂದದೊಡನೆ ಬೀವಾ ಮತ್ತು ಶಾಕುಹಾಚಿಗಳನ್ನು ಸೇರಿಸಲು ಅವರು ಉದ್ದೇಶಿಸಿದರು. ಬೆಟ್ಟದ ಮೇಲಿನ ಮನೆಯೊಂದರಲ್ಲಿ ಕುಳಿತು ಬರೆಯತೊಡಗಿದಾಗ ಎರಡನ್ನೂ ಬೆರೆಸಿ ಒಂದು ಮಾಡಬೇಕೆಂಬುದೇ ಅವರ ಯೋಚನೆಯಾಗಿತ್ತು. ಬರೆಯುತ್ತ ಹೋದಂತೆ ಅದು ತಪ್ಪೆಂದು ತೋರಿತು. ಬೆರೆಸಿದರೆ ಎರಡೂ ತಮ್ಮ ತಮ್ಮ ತೇಜಸ್ಸನ್ನು ಕಳೆದುಕೊಳ್ಳುವವು. ಆದುದರಿಂದ ಅವುಗಳ ಭೇದವನ್ನು ಮುಚ್ಚದೆ, ಎರಡನ್ನೂ ಎದುರುಬದುರಾಗಿ ನಿಲ್ಲಿಸಿದರು. ನವೆಂಬರ್ 9ರಂದು ಸೈಜಿ ಓಜಾವಾ ಅವರ ನಿರ್ದೇಶನದಲ್ಲಿ ಆ ಕೃತಿ ಮೊದಲ ಬಾರಿಗೆ ಸಾದರವಾಯಿತು. ಕಿಂಶಿ ತ್ಸುರುತಾ ಎಂಬ ಮಹಿಳೆ ಬೀವಾ ನುಡಿಸಿದರು; ಕಾತ್ಸುಯಾ ಯೋಕೋಯಾಮಾ ಶಾಕುಹಾಚಿ ಊದಿದರು. ದೊಡ್ಡ ವಾದ್ಯವೃಂದವು ಮೌನವಾಗಿ ಕುಳಿತು, ಇಬ್ಬರು ವಾದಕರು ಬಹುಹೊತ್ತು ತಮ್ಮ ರೀತಿಯಲ್ಲಿಯೇ ನುಡಿಸುವ ಆ ಭಾಗವನ್ನು ಕೇಳಿದವರು ಮರೆಯಲಾರರು. ನವೆಂಬರ್ ಸ್ಟೆಪ್ಸ್ ಎಂಬ ಈ ಕೃತಿಯಿಂದ ಅವರ ಕೀರ್ತಿ ಎಲ್ಲೆಡೆ ಹರಡಿತು.

1970ರಲ್ಲಿ ಓಸಾಕಾ ನಗರದಲ್ಲಿ ವಿಶ್ವ ವಸ್ತುಪ್ರದರ್ಶನ ನಡೆದಾಗ ಉಕ್ಕಿನ ಉದ್ಯಮದವರ ಮಂಟಪದಲ್ಲಿನ ಸಂಗೀತ ಸಭಾಂಗಣದ ಹೊಣೆ ಅವರಿಗೆ ಬಂದಿತು. ಅಲ್ಲಿ ಚಾವಣಿಯಲ್ಲಿ, ಗೋಡೆಗಳಲ್ಲಿ, ನೆಲದ ಅಡಿಯಲ್ಲಿ ಸುಮಾರು ಒಂದು ಸಾವಿರ ಧ್ವನಿವರ್ಧಕಗಳನ್ನು ಅಳವಡಿಸಲಾಗಿತ್ತು. ಧ್ವನಿಯು ಕೇಳುವವರ ಸುತ್ತಲೂ ತಲೆಯ ಮೇಲೂ ಕಾಲಿನ ಕೆಳಗೂ ಸಂಚರಿಸುತ್ತಿತ್ತು. ಕಾಗದದ ಮೇಲೆ ಬೆರಳಾಡಿಸಿದ್ದ ಕೈಗೆ ಆ ಸಾವಿರ ಕಂಠಗಳ ಯಂತ್ರ ಒದಗಿದುದು ಕಾಲದ ಲೀಲೆಯೆನ್ನಬೇಕು.

ಮುಂದಿನ ವರ್ಷಗಳಲ್ಲಿ ಅವರ ಒಲವು ಮತ್ತೆ ವಾದ್ಯವೃಂದದ ಕಡೆಗೆ ಹೆಚ್ಚಾಗಿ ಹರಿಯಿತು. ನೀರು, ಮಳೆ, ಮರ, ಉದ್ಯಾನ, ಕನಸು, ಇವು ಅವರ ಕೃತಿಗಳ ಹೆಸರುಗಳಲ್ಲಿ ಮೇಲಿಂದ ಮೇಲೆ ಬರುತ್ತವೆ. ಸುಮಾರು ನೂರು ಚಲನಚಿತ್ರಗಳಿಗೆ ಅವರು ಸಂಗೀತ ನೀಡಿದರು. ಕುರೋಸಾವಾ ಅವರ 1985ರ ರಾನ್ ಚಿತ್ರದಲ್ಲಿ ಕೋಟೆಯೊಂದು ಉರಿದುಹೋಗುವ ಯುದ್ಧದ ದೃಶ್ಯವಿದೆ. ಅಲ್ಲಿ ಕತ್ತಿಯ ಸದ್ದಿಲ್ಲ, ಕೂಗಿಲ್ಲ. ತಾಕೆಮಿತ್ಸು ಅವರ ಶೋಕಸಂಗೀತ ಮಾತ್ರ ಹರಿಯುತ್ತದೆ. ಬಾಲ್ಯದಲ್ಲಿ ಯುದ್ಧವನ್ನು ಕಣ್ಣಾರೆ ಕಂಡವರ ಸಂಗೀತವದು. 1973ರಿಂದ ಇಪ್ಪತ್ತು ವರ್ಷಗಳ ಕಾಲ ಟೋಕಿಯೋದಲ್ಲಿ ಹೊಸ ಸಂಗೀತದ ಉತ್ಸವವನ್ನು ನಡೆಸಿ ಕಿರಿಯರಿಗೆ ವೇದಿಕೆ ಕಲ್ಪಿಸಿದರು. 1994ರಲ್ಲಿ ಅಮೆರಿಕದ ಗ್ರಾವೆಮೈಯರ್ ಪ್ರಶಸ್ತಿ ಅವರಿಗೆ ಸಂದಿತು.

1995ರಲ್ಲಿ ಅವರಿಗೆ ಕ್ಯಾನ್ಸರ್ ರೋಗ ತಗಲಿತು. ಆಸ್ಪತ್ರೆಯಲ್ಲಿದ್ದಾಗಲೂ ಅವರು ಎದೆಗುಂದಲಿಲ್ಲ. ಅಡುಗೆಯ ಬಗೆಗಳನ್ನು ಬಣ್ಣದ ಚಿತ್ರಗಳೊಡನೆ ಪುಸ್ತಕದಲ್ಲಿ ಬರೆದಿಡುತ್ತ ಕಾಲ ಕಳೆದರು. ಹೊಸ ಕೃತಿಯನ್ನು ಆರಂಭಿಸುವ ಮುನ್ನ ಜರ್ಮನಿಯ ಬಾಖ್ ರಚಿಸಿದ ಸಂತ ಮತ್ತಾಯನ ಯಾತನಾಗೀತದ ಭಾಗವನ್ನು ಪಿಯಾನೋವಿನಲ್ಲಿ ನುಡಿಸುವುದು ಅವರ ಬಹುಕಾಲದ ನಿಯಮವಾಗಿತ್ತು. 1996ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಭಾರಿ ಹಿಮ ಬಿದ್ದಿತು. ಅವರನ್ನು ನೋಡಲು ಯಾರೂ ಬರಲಾಗದ ಆ ದಿನ ರೇಡಿಯೋದಲ್ಲಿ ಬಾಖನ ಅದೇ ಕೃತಿ ಪ್ರಸಾರವಾಯಿತು. ಒಬ್ಬರೇ ಮಲಗಿ ಅದನ್ನು ಪೂರ್ಣವಾಗಿ ಕೇಳಿದರು. ಫೆಬ್ರವರಿ 20ರಂದು ಅವರು ಇಹಲೋಕವನ್ನು ತ್ಯಜಿಸಿದರು. ರೋಗಶಯ್ಯೆಯಲ್ಲಿ ರೇಡಿಯೋವನ್ನು ಕೇಳುತ್ತ ಆರಂಭವಾದ ವಿದ್ಯಾಭ್ಯಾಸ, ರೋಗಶಯ್ಯೆಯಲ್ಲಿ ರೇಡಿಯೋವನ್ನು ಕೇಳುತ್ತಲೇ ಮುಗಿಯಿತು. 1997ರಲ್ಲಿ ಟೋಕಿಯೋದಲ್ಲಿ ತೆರೆದ ಒಂದು ದೊಡ್ಡ ಸಂಗೀತ ಭವನಕ್ಕೆ ಅವರ ಸ್ಮರಣಾರ್ಥವಾಗಿ ಅವರ ಹೆಸರನ್ನಿಡಲಾಯಿತು.

ತಾಕೆಮಿತ್ಸು ಅವರಿಗೆ ಗುರುಗಳಿರಲಿಲ್ಲವೆಂದು ಹೇಳುವುದು ವಾಡಿಕೆ. ವಿಚಾರಿಸಿ ನೋಡಿದರೆ ಅವರಿಗಿದ್ದಷ್ಟು ಗುರುಗಳು ಬೇರೆ ಯಾರಿಗೂ ಇರಲಿಲ್ಲ. ಬಿದಿರಿನ ಮುಳ್ಳಿನ ಗ್ರಾಮಫೋನ್, ಬಾಗಿಲು ತೆರೆದ ಅಪರಿಚಿತರು, ಸುರಂಗ ರೈಲು, ನೀರಿನ ಹನಿ, ಸೀಳುವ ಮರ, ಗೊಂಬೆಯಾಟದ ವಾದಕ, ಇವರೆಲ್ಲರಿಂದಲೂ ಅವರು ಕಲಿತರು. ತಾವು ದ್ವೇಷಿಸಿದುದರಿಂದಲೂ ಕಲಿಯುವ ವಿನಯ ಅವರಲ್ಲಿತ್ತು. ವಿದ್ಯೆಗೆ ಅನುಕೂಲಗಳು ಬೇಕು, ನಿಜ. ಆದರೆ ಅನುಕೂಲ ಬರುವವರೆಗೆ ಅವರು ಕೈಕಟ್ಟಿ ಕುಳಿತಿದ್ದರೆ ಆ ಸಂಗೀತ ಹುಟ್ಟುತ್ತಿರಲಿಲ್ಲ. ಒಂದು ಹಾಳೆಯ ಮೇಲೆ ಗೆರೆಗಳನ್ನೆಳೆದುಕೊಂಡು, ಕಿವಿಯನ್ನು ತೆರೆದಿಟ್ಟು, ಅವರು ಕಲಿಯಲು ಆರಂಭಿಸಿಯೇಬಿಟ್ಟರು.